ಎಂಬತ್ತು ಬಿಟ್‌ಗಳ ವ್ಯಾಜ್ಯ: ಮುಕ್ತ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಫ್ಲೋಟಿಂಗ್ ಪಾಯಿಂಟ್ ಗಣಿತ

ಒಂದೇ ಸಿ ಪ್ರೋಗ್ರಾಂ, ಒಂದೇ ಇಂಟೆಲ್ ಯಂತ್ರ. ಆದರೂ 1990ರ ದಶಕದಲ್ಲಿ ಅದನ್ನು ಲಿನಕ್ಸ್‌ನಲ್ಲಿ ನಡೆಸಿದಾಗ ಬಂದ ಉತ್ತರಕ್ಕೂ ಫ್ರೀಬಿಎಸ್‌ಡಿಯಲ್ಲಿ ಬಂದ ಉತ್ತರಕ್ಕೂ ಕೊನೆಯ ಅಂಕಿಗಳಲ್ಲಿ ವ್ಯತ್ಯಾಸ ಇರಬಹುದಿತ್ತು. ಪ್ರೋಗ್ರಾಂ ತಪ್ಪಿರಲಿಲ್ಲ, ಪ್ರೊಸೆಸರ್ ಕೆಟ್ಟಿರಲಿಲ್ಲ. ಲೆಕ್ಕವನ್ನು ಎಷ್ಟು ಸೂಕ್ಷ್ಮವಾಗಿ ಮಾಡಬೇಕೆಂಬ ಪ್ರಶ್ನೆಗೆ ಎರಡು ವ್ಯವಸ್ಥೆಗಳು ಎರಡು ಉತ್ತರ ಕೊಟ್ಟಿದ್ದವು. ಫ್ಲೋಟಿಂಗ್ ಪಾಯಿಂಟ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಚಿಪ್‌ಗಳ ಮತ್ತು ಮಾನಕಗಳ ಚರಿತ್ರೆಯಾಗಿ ಬರೆಯುತ್ತಾರೆ. ಅದು ಅರ್ಧ ಕಥೆ ಮಾತ್ರ ಎಂಬುದು ಈ ಲೇಖನದ ವಾದ. ಸಂಖ್ಯೆಯ ಬೆಲೆಯನ್ನು ಕೊನೆಗೆ ತೀರ್ಮಾನಿಸಿದವರಲ್ಲಿ ಕರ್ನಲ್, ಕಂಪೈಲರ್ ಮತ್ತು ಗಣಿತ ಲೈಬ್ರರಿಗಳನ್ನು ಬರೆದವರೂ ಇದ್ದಾರೆ.

ಬೇರು ಇರುವುದು 1980ರಲ್ಲಿ ಇಂಟೆಲ್ ಹೊರತಂದ 8087 ಸಹಪ್ರೊಸೆಸರ್‌ನಲ್ಲಿ. ಅದರ ಗಣಿತಕ್ಕೆ ಸಲಹೆಗಾರರಾಗಿದ್ದವರು ಬರ್ಕ್‌ಲಿಯ ವಿಲಿಯಂ ಕಹಾನ್. 1985ರ ಐಟ್ರಿಪಲ್‌ಇ 754 ಮಾನಕದ ಹಿಂದಿನ ಮುಖ್ಯ ಶಕ್ತಿಯೂ ಅವರೇ. 1989ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ಮಾನಕದ ಡಬಲ್ ಸಂಖ್ಯೆಗೆ 64 ಬಿಟ್. ಅದರಲ್ಲಿ ಅರ್ಥವತ್ತಾದ ಅಂಕಿಗಳ ನಿಖರತೆ 53 ಬಿಟ್. 8087ರ ರಿಜಿಸ್ಟರ್‌ಗಳಿಗೆ ಮಾತ್ರ 80 ಬಿಟ್, ನಿಖರತೆ 64. ಕಹಾನ್‌ರ ತರ್ಕ ಸರಳವಾಗಿತ್ತು: ನಡುವಿನ ಹಂತಗಳನ್ನು ಹೆಚ್ಚು ನಿಖರತೆಯಲ್ಲಿ ನಡೆಸಿ ಕೊನೆಯಲ್ಲಿ ಮಾತ್ರ ಮೊಟಕುಗೊಳಿಸಿದರೆ, ಸಂಖ್ಯಾವಿಶ್ಲೇಷಣೆ ಓದದ ಪ್ರೋಗ್ರಾಮರ್‌ಗೂ ಬಹುಪಾಲು ಒಳ್ಳೆಯ ಉತ್ತರವೇ ಸಿಗುತ್ತದೆ. ಉದ್ದೇಶ ಉದಾತ್ತವಾದದ್ದು. ಆದರೆ ಯಾವ ಮಧ್ಯಂತರ ಬೆಲೆ ರಿಜಿಸ್ಟರಿನಲ್ಲಿ ಉಳಿಯುತ್ತದೆ, ಯಾವುದು ಮೆಮೊರಿಗೆ ಹೋಗಿ 64 ಬಿಟ್‌ಗೆ ಇಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಕಂಪೈಲರ್. ತೊಡಕು ಹುಟ್ಟಿದ್ದು ಅಲ್ಲಿ.

8087ರ ವಂಶದ ಚಿಪ್‌ಗಳಲ್ಲಿ ನಿಖರತೆಯನ್ನು ಹೊಂದಿಸುವ ಒಂದು ನಿಯಂತ್ರಣ ಪದವಿದೆ. ಪ್ರತಿ ಪ್ರೋಗ್ರಾಂ ಶುರುವಾಗುವಾಗ ಅದರಲ್ಲಿ ಏನಿರಬೇಕೆಂದು ಹೇಳುವುದು ಕಾರ್ಯಾಚರಣ ವ್ಯವಸ್ಥೆ. ಲಿನಕ್ಸ್ ಪೂರ್ತಿ 64 ಬಿಟ್ ನಿಖರತೆಯನ್ನು ಹಾಗೆಯೇ ಬಿಟ್ಟಿತು. 32 ಬಿಟ್ ಯಂತ್ರಗಳ ಫ್ರೀಬಿಎಸ್‌ಡಿ ಅದನ್ನು 53ಕ್ಕೆ ಇಳಿಸಿ, ಬೇರೆ ಯಂತ್ರಗಳ ಡಬಲ್ ಲೆಕ್ಕಕ್ಕೆ ಹತ್ತಿರ ತಂದಿತು. ನನ್ನ ಅಭಿಪ್ರಾಯದಲ್ಲಿ ಫ್ರೀಬಿಎಸ್‌ಡಿಯ ನಿರ್ಧಾರವೇ ಹೆಚ್ಚು ವಿವೇಕದ್ದು, ಏಕೆಂದರೆ ಎಲ್ಲೆಡೆ ಒಂದೇ ಫಲ ಕೊಡುವ ಲೆಕ್ಕವನ್ನು ಮಾತ್ರ ಪರಿಶೀಲಿಸಲು ಸಾಧ್ಯ. ಅದಕ್ಕೂ ಬೆಲೆ ತೆರಬೇಕಾಯಿತು. 80 ಬಿಟ್‌ನ ಲಾಂಗ್ ಡಬಲ್ ಸಂಖ್ಯೆಗಳನ್ನು ಬಳಸುವ ಗಣಿತ ಫಂಕ್ಷನ್‌ಗಳು ಒಳಬರುವಾಗ ನಿಖರತೆಯನ್ನು ಏರಿಸಿ ಹೊರಹೋಗುವಾಗ ಇಳಿಸಬೇಕಿತ್ತು. ಘಾತಾಂಕದ ವ್ಯಾಪ್ತಿ ಮಾತ್ರ ಅಗಲವಾಗಿಯೇ ಉಳಿದಿದ್ದರಿಂದ ಅತಿ ಸಣ್ಣ ಸಂಖ್ಯೆಗಳಲ್ಲಿ ಎರಡು ಬಾರಿ ರೌಂಡಿಂಗ್ ಆಗುವ ದೋಷ ಹೋಗಲೇ ಇಲ್ಲ. ಲೆಕ್ಕ ಯಾವ ನಿಖರತೆಯಲ್ಲಿ ನಡೆಯುತ್ತದೆಂದು ತಿಳಿಸಲು ಸಿ ಭಾಷೆಯ 1999ರ ಮಾನಕ ಒಂದು ಸ್ಥಿರಾಂಕವನ್ನು ಕೊಟ್ಟಾಗ, ಫ್ರೀಬಿಎಸ್‌ಡಿ ಆ ಜಾಗದಲ್ಲಿ -1 ಎಂದು ಬರೆಯಿತು: ಅದನ್ನು ನಿರ್ಧರಿಸಲಾಗದು ಎಂದರ್ಥ. ಪ್ರಾಮಾಣಿಕ ಉತ್ತರ.

ಲಿನಕ್ಸ್ ಬಳಕೆದಾರರ ಗೋಳು ಕಂಪೈಲರ್‌ನ ಬಾಗಿಲಿಗೆ ಬಂತು. 2000ದಲ್ಲಿ ಜಿಸಿಸಿ ಕಂಪೈಲರ್‌ನ ದೋಷಪಟ್ಟಿಯಲ್ಲಿ 323ನೆಯ ಸಂಖ್ಯೆಯ ದೂರು ದಾಖಲಾಯಿತು. ಆಪ್ಟಿಮೈಸೇಷನ್ ಹಾಕಿ ಕಂಪೈಲ್ ಮಾಡಿದರೆ ಫಲಿತಾಂಶ ಬದಲಾಗುತ್ತದೆ ಎಂಬುದು ಅದರ ಸಾರ. ಈಗಷ್ಟೇ ಲೆಕ್ಕ ಹಾಕಿ ಇಟ್ಟ ಬೆಲೆಯನ್ನು ಅದೇ ಲೆಕ್ಕದೊಡನೆ ಹೋಲಿಸಿದರೆ ಎರಡೂ ಸಮವಲ್ಲ ಎಂಬ ಉತ್ತರ ಬರುತ್ತಿತ್ತು. ಒಂದು ಮೆಮೊರಿಗೆ ಹೋಗಿ ಬಂದಿರುತ್ತಿತ್ತು, ಇನ್ನೊಂದು ರಿಜಿಸ್ಟರಿನಲ್ಲೇ ಇರುತ್ತಿತ್ತು. ತಪ್ಪು ಹುಡುಕಲೆಂದು ನಡುವೆ ಒಂದು ಪ್ರಿಂಟ್ ಸಾಲು ಸೇರಿಸಿದರೆ ಬೆಲೆ ಮೆಮೊರಿಗೆ ಇಳಿದು ತಪ್ಪೇ ಮಾಯವಾಗುತ್ತಿತ್ತು. ನಂತರ ಬಂದ ಎಷ್ಟೋ ದೂರುಗಳನ್ನು ಇದರದೇ ನಕಲೆಂದು ಇಲ್ಲಿಗೇ ಸೇರಿಸಲಾಯಿತು. ಇದು ದೋಷವೋ ಯಂತ್ರದ ಸ್ವಭಾವವೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. 2010ರ ಜಿಸಿಸಿ 4.5ರಲ್ಲಿ, ಹೆಚ್ಚುವರಿ ನಿಖರತೆಯನ್ನು ಮಾನಕದಂತೆ ನಡೆಸಿಕೊಳ್ಳುವ ಆಯ್ಕೆ ಸಿ ಭಾಷೆಗೆ ಸಿಕ್ಕಿತು. ಸಿ++ ಭಾಷೆಗೆ ಅದು ಬಂದದ್ದು 2023ರಲ್ಲಿ.

ಇದನ್ನು ಪಂಡಿತರ ಸೂಕ್ಷ್ಮ ಜಗಳವೆಂದು ತಳ್ಳಿಹಾಕಲಾಗದು. 2011ರ ಜನವರಿಯಲ್ಲಿ ಪಿಎಚ್‌ಪಿ ಭಾಷೆಯ ಒಂದು ದೋಷ ಬೆಳಕಿಗೆ ಬಂತು. 2.2250738585072011 ಗುಣಿಸು 10ರ -308ನೆಯ ಘಾತ ಎಂಬ ಸಂಖ್ಯೆಯನ್ನು ಅಕ್ಷರರೂಪದಿಂದ ಡಬಲ್‌ಗೆ ತರುವಾಗ 32 ಬಿಟ್ ಯಂತ್ರಗಳಲ್ಲಿ ಪ್ರೋಗ್ರಾಂ ಕೊನೆಯಿಲ್ಲದ ಲೂಪಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆ ಸಂಖ್ಯೆ ಇರುವುದು ಡಬಲ್‌ನ ಸಾಮಾನ್ಯ ವ್ಯಾಪ್ತಿಯ ಕೆಳ ಅಂಚಿನಲ್ಲೇ. ಉತ್ತರವನ್ನು ತಿದ್ದುತ್ತಾ ಹೋಗುವ ಲೂಪಿಗೆ 80 ಬಿಟ್ ರಿಜಿಸ್ಟರ್ ಒಂದು ಬೆಲೆ ತೋರಿಸುತ್ತಿತ್ತು, ಮೆಮೊರಿ ಇನ್ನೊಂದು. ಆ ಒಂದು ಸಂಖ್ಯೆಯನ್ನು ಕಳುಹಿಸಿ ಯಾರು ಬೇಕಾದರೂ ಸರ್ವರ್ ಕಟ್ಟಿಹಾಕಬಹುದಿತ್ತು. ಬೆಲೆಯನ್ನು ಕಡ್ಡಾಯವಾಗಿ ಮೆಮೊರಿಗೆ ಕಳಿಸುವ ವೊಲಟೈಲ್ ಎಂಬ ಒಂದು ಪದವೇ ಪರಿಹಾರವಾಯಿತು.

ವ್ಯಾಜ್ಯವನ್ನು ಬಹುಮಟ್ಟಿಗೆ ಮುಗಿಸಿದ್ದು ಎಸ್‌ಎಸ್‌ಇ2 ಎಂಬ ಹೊಸ ಪ್ರೊಸೆಸರ್ ಸೂಚನೆಗಳ ಗುಂಪು. ಅದರ ರಿಜಿಸ್ಟರ್‌ಗಳು ಡಬಲ್ ಲೆಕ್ಕವನ್ನು ಡಬಲ್ ಆಗಿಯೇ ಮಾಡುತ್ತವೆ. 2003ರಿಂದ ಬಂದ 64 ಬಿಟ್ ಎಎಂಡಿ ಯಂತ್ರಗಳ ಲಿನಕ್ಸ್ ಮತ್ತು ಬಿಎಸ್‌ಡಿಗಳು ಅವನ್ನೇ ಆಧಾರವಾಗಿಟ್ಟುಕೊಂಡವು.

ಕರ್ನಲ್ ತನ್ನ ಪಾಡಿಗೆ ಈ ಗಣಿತದಿಂದ ದೂರ ಉಳಿಯಿತು. ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್‌ಗಳು ಬಳಕೆದಾರನ ಪ್ರೋಗ್ರಾಮಿನ ಸ್ವತ್ತು. ಕರ್ನಲ್ ಅವನ್ನು ಮುಟ್ಟಬೇಕಾದರೆ ಮೊದಲು ಅವುಗಳ ಸ್ಥಿತಿಯನ್ನು ಉಳಿಸಬೇಕು. ಹಾಗಾಗಿ ಲಿನಕ್ಸ್ ಲೋಡ್ ಸರಾಸರಿಯನ್ನು ಪೂರ್ಣಾಂಕಗಳಲ್ಲೇ ಲೆಕ್ಕ ಹಾಕುತ್ತದೆ. 2048 ಎಂದರೆ ಒಂದು. ಒಂದು ನಿಮಿಷದ ಸರಾಸರಿಗೆ ಗುಣಕ 1884, ಐದು ನಿಮಿಷಕ್ಕೆ 2014, ಹದಿನೈದಕ್ಕೆ 2037. ಗಣಿತ ಚಿಪ್ ಇಲ್ಲದ 386, 486ಎಸ್‌ಎಕ್ಸ್ ಯಂತ್ರಗಳಿಗಾಗಿ ಅದೇ ಕರ್ನಲ್‌ನೊಳಗೆ ಪೂರ್ತಿ ಸಹಪ್ರೊಸೆಸರನ್ನು ಅನುಕರಿಸುವ ಕೋಡ್ ಇತ್ತು. ಮೊದಲು ಲಿನಸ್ ಟೊರ್ವಾಲ್ಡ್ಸ್ ಬರೆದರು, ಬಳಿಕ ಬಿಲ್ ಮೆಟ್ಜೆಂಥೆನ್ ಹೊಸದಾಗಿ ಬರೆದರು.

ಸೈನ್, ಘಾತ, ಲಾಗರಿದಮ್‌ಗಳ ಲೈಬ್ರರಿಯ ಕಥೆ ಇನ್ನೂ ನಡೆಯುತ್ತಿದೆ. ಬರ್ಕ್‌ಲಿಯಲ್ಲಿ ಕಹಾನ್‌ರ ಬಳಗದಿಂದ 4.3ಬಿಎಸ್‌ಡಿಗೆ ಬಂದ ಲೈಬ್ರರಿಯ ಪರಂಪರೆ ಸನ್ ಕಂಪನಿಯಲ್ಲಿ ಮುಂದುವರಿಯಿತು. ಆ ಕಂಪನಿ 1993ರಲ್ಲಿ ತನ್ನ ಕೋಡನ್ನು ಮುಕ್ತವಾಗಿ ಹಂಚಿತು. ಫ್ರೀಬಿಎಸ್‌ಡಿ ಅದನ್ನು ಎತ್ತಿಕೊಂಡಿತು. ಅಲ್ಲಿಂದ ಅದು ಆಂಡ್ರಾಯ್ಡ್‌ಗೂ ಮಸಲ್ ಲೈಬ್ರರಿಗೂ ಹರಿಯಿತು. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿ ಹಿಡಿದದ್ದು ಬೇರೆ ದಾರಿ. ಕೊನೆಯ ಬಿಟ್‌ವರೆಗೂ ಸರಿಯಾದ ಉತ್ತರ ಕೊಡುವ ಐಬಿಎಂನ ಕೋಡನ್ನು ಅದು ತಂದುಕೊಂಡಿತು. ಕೆಲವು ಸಂಖ್ಯೆಗಳಿಗೆ ಆ ಕೋಡ್ ಬಹಳ ನಿಧಾನವಾಗಿದ್ದರಿಂದ 2018ರ 2.28 ಆವೃತ್ತಿಯ ವೇಳೆಗೆ ಘಾತ ಮತ್ತು ಲಾಗರಿದಮ್‌ಗಳಲ್ಲಿ ಆ ಹಟವನ್ನು ಬಿಟ್ಟು ವೇಗವನ್ನು ಆರಿಸಿಕೊಂಡಿತು. 2025ರ 2.41ರಲ್ಲಿ 32 ಬಿಟ್ ಸಂಖ್ಯೆಗಳ ಹಲವು ಫಂಕ್ಷನ್‌ಗಳಿಗೆ ಕೋರ್-ಮ್ಯಾತ್ ಯೋಜನೆಯ ಕೋಡ್ ಸೇರಿ, ಸರಿಯಾದ ರೌಂಡಿಂಗ್ ಮತ್ತು ವೇಗ ಎರಡೂ ಒಟ್ಟಿಗೆ ಬಂದವು.