ಎರಡು ಪುಸ್ತಕಗಳ ತಾಳೆ: ಕಡತದಿಂದ ಬ್ಯಾಂಕ್ ವಿವರಪಟ್ಟಿಯವರೆಗೆ

ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಎರಡು ಲೆಕ್ಕಪತ್ರಕ್ಕೆ ನೇರವಾಗಿ ಸಂಬಂಧಿಸಿದವು: ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ. ಒಬ್ಬನು ಆಡದ ಮಾತನ್ನು, ಮಾಡದ ಕಾರ್ಯವನ್ನು ಅವನೇ ಆಡಿದ, ಮಾಡಿದ ಎಂಬಂತೆ ವಂಚನೆಗಾಗಿ ಬರೆಯುವುದು ಮೊದಲನೆಯದು. ಎರಡನೆಯದು ಇನ್ನೂ ಸೂಕ್ಷ್ಮ. ಒತ್ತೆಯಿಟ್ಟವನು ತಾನಿಟ್ಟ ಹಣದ ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿ ಕೊಟ್ಟುಬಿಡುವುದು ನ್ಯಾಸಾಪಹಾರ ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಇಲ್ಲಿ ಕಳ್ಳತನವಿಲ್ಲ, ಬಲಾತ್ಕಾರವಿಲ್ಲ. ಒಬ್ಬನ ಮರೆವು ಮತ್ತು ಇನ್ನೊಬ್ಬನ ಮೌನ ಸೇರಿ ದೋಷವಾಗುತ್ತದೆ.

ಈ ವ್ಯಾಖ್ಯೆಯಲ್ಲಿ ಲೆಕ್ಕಬರಹದ ಇತಿಹಾಸದ ತಿರುಳೇ ಅಡಗಿದೆ. ವ್ಯವಹಾರದಲ್ಲಿ ಯಾವಾಗಲೂ ಇಬ್ಬರಿರುತ್ತಾರೆ. ಬರಹ ಒಬ್ಬನ ಬಳಿ ಮಾತ್ರ ಇದ್ದರೆ ಇನ್ನೊಬ್ಬನು ಅವನ ಧರ್ಮಬುದ್ಧಿಯನ್ನೇ ನಂಬಿ ಬದುಕಬೇಕು. ಇಬ್ಬರೂ ತಮ್ಮ ತಮ್ಮ ಪುಸ್ತಕಗಳಲ್ಲಿ ಬರೆದುಕೊಂಡರೆ ಎರಡನ್ನೂ ಎದುರುಬದುರು ಇಟ್ಟು ತಾಳೆ ನೋಡಬಹುದು. ಇಂದು ಸಣ್ಣ ವ್ಯಾಪಾರಿಯೊಬ್ಬನು ಬ್ಯಾಂಕಿನ ವಿವರಪಟ್ಟಿಯನ್ನು ತನ್ನ ಗಣಕದ ಲೆಕ್ಕತಂತ್ರಾಂಶಕ್ಕೆ ಒಮ್ಮೆಗೇ ಆಮದು ಮಾಡಿಕೊಳ್ಳುವ ಪದ್ಧತಿಯನ್ನು ಈ ಹಿನ್ನೆಲೆಯಲ್ಲಿ ನೋಡಿದರೆ, ಅದರ ಅನುಕೂಲವೂ ಅಪಾಯವೂ ಒಟ್ಟಿಗೇ ಕಾಣುತ್ತವೆ.

ಕನ್ನಡನಾಡಿನ ಹಳೆಯ ವ್ಯಾಪಾರಿಯ ಲೆಕ್ಕ ಕಡತದಲ್ಲಿತ್ತು. ಉದ್ದನೆಯ ಹತ್ತಿಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಅಮೂಲ್ಯ ಆಕರಗಳಾಗಿವೆ. ಕಡತಕ್ಕೆ ಎರಡು ಗುಣಗಳು. ಜೋಪಾನವಾಗಿಟ್ಟರೆ ಅದು ಬಹುಕಾಲ ಬಾಳುತ್ತದೆ; ಒರೆಸಿದರೆ ಬರಹ ಅಳಿಸಿಹೋಗುತ್ತದೆ, ಮತ್ತೆ ಬರೆಯಬಹುದು. ಹೀಗಾಗಿ ಅದರ ಪ್ರಾಮಾಣ್ಯ ಬಟ್ಟೆಯಲ್ಲಿರಲಿಲ್ಲ, ಬರೆದ ಕೈಯಲ್ಲಿತ್ತು. ದಿನದಿನದ ವ್ಯವಹಾರ ಕಿರ್ದಿಯಲ್ಲಿ, ಆಸಾಮಿವಾರು ವಿಂಗಡಣೆ ಖಾತೆಯಲ್ಲಿ, ಬಂದದ್ದು ಜಮಾ, ಹೋದದ್ದು ಖರ್ಚು: ಈ ಪರಿಭಾಷೆ ಕಾಗದದ ಕಾಲದಲ್ಲಿಯೂ ಉಳಿದು ಇಂದಿಗೂ ಅಂಗಡಿಗಳಲ್ಲಿ ಕೇಳಿಬರುತ್ತದೆ.

ಈ ಬರಹಕ್ಕೆ ಬೇಕಾದ ಗಣಿತವನ್ನು ಜೈನ ವಿದ್ವಾಂಸರು ಬಹು ಹಿಂದೆಯೇ ಒದಗಿಸಿದ್ದರು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದ ಮಿಶ್ರಕವ್ಯವಹಾರ ಪ್ರಕರಣದಲ್ಲಿ ಅಸಲು, ಬಡ್ಡಿ, ಅವಧಿ, ಪಾಲು ಇವುಗಳ ಲೆಕ್ಕಗಳಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ಗಣಿತವನ್ನು ಬರೆದು ತನ್ನ ಕೃತಿಗೆ ವ್ಯವಹಾರಗಣಿತವೆಂದೇ ಹೆಸರಿಟ್ಟನು.

ಶಾಸನಗಳನ್ನೂ ಲೆಕ್ಕದ ದೃಷ್ಟಿಯಿಂದ ಓದಬಹುದು. ಜೈನರಿಗೂ ಶ್ರೀವೈಷ್ಣವರಿಗೂ ಬುಕ್ಕರಾಯನು ಸಂಧಾನ ಮಾಡಿಸಿದ, 1368ರ ಶ್ರವಣಬೆಳಗೊಳದ ಶಾಸನವನ್ನು ಸಾಮಾನ್ಯವಾಗಿ ಮತಸಾಮರಸ್ಯದ ದಾಖಲೆಯಾಗಿ ಉಲ್ಲೇಖಿಸುತ್ತಾರೆ. ಅದರ ಉತ್ತರಭಾಗ ಒಂದು ಅಚ್ಚುಕಟ್ಟಾದ ಲೆಕ್ಕವ್ಯವಸ್ಥೆ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ. ತಿರುಮಲೆಯ ತಾತಯ್ಯ ಅದನ್ನು ಸಂಗ್ರಹಿಸಬೇಕು. ಅದರಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಮಂದಿಯನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣಬಣ್ಣ ಮಾಡಿಸಬೇಕು. ಎಲ್ಲಿಂದ, ಎಷ್ಟು, ಯಾರ ಕೈಯಿಂದ, ಏತಕ್ಕಾಗಿ ಎಂಬ ನಾಲ್ಕೂ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಪೂರ್ಣವಾದ ಲೆಕ್ಕಬರಹದ ಲಕ್ಷಣವೇ ಇದು.

ಯುರೋಪಿನಲ್ಲಿ ಇದೇ ಸಮಸ್ಯೆಗೆ ಬೇರೊಂದು ಪರಿಹಾರ ಹುಟ್ಟಿತು. ಇಂಗ್ಲೆಂಡಿನ ರಾಜಭಂಡಾರದಲ್ಲಿ ಕೋಲೊಂದರ ಮೇಲೆ ಮೊತ್ತಕ್ಕೆ ತಕ್ಕಂತೆ ಕಚ್ಚುಗಳನ್ನು ಕೊರೆದು, ಕೋಲನ್ನು ಉದ್ದುದ್ದ ಸೀಳಿ, ಆಚೆಯವನಿಗೊಂದು ಈಚೆಯವನಿಗೊಂದು ಹೋಳು ಕೊಡುತ್ತಿದ್ದರು. ಹೋಳುಗಳನ್ನು ಮತ್ತೆ ಜೋಡಿಸಿದಾಗ ಕಚ್ಚುಗಳು ಕೂಡಿದರೆ ಲೆಕ್ಕ ಸರಿ. ‘ಟ್ಯಾಲಿ’ ಎಂಬ ಈ ಕೋಲುಗಳ ಪದ್ಧತಿ 1826ರಲ್ಲಿ ಕೊನೆಗೊಂಡಿತು. 1834ರ ಅಕ್ಟೋಬರ್ 16ರಂದು ರಾಶಿಬಿದ್ದ ಹಳೆಯ ಕೋಲುಗಳನ್ನು ಒಲೆಗೆ ಹಾಕಿ ಸುಡುವಾಗ ಬೆಂಕಿ ಹಬ್ಬಿ ಪಾರ್ಲಿಮೆಂಟಿನ ಕಟ್ಟಡವೇ ಸುಟ್ಟುಹೋಯಿತು. ಕನ್ನಡದ ‘ತಾಳೆ’ಗೂ ಇಂಗ್ಲಿಷಿನ ‘ಟ್ಯಾಲಿ’ಗೂ ಇರುವ ಧ್ವನಿಸಾಮ್ಯದಿಂದ ವ್ಯುತ್ಪತ್ತಿಯನ್ನು ಕಟ್ಟಬೇಕಾಗಿಲ್ಲ, ಅರ್ಥಸಾಮ್ಯವೇ ಸಾಕಷ್ಟು ಹೇಳುತ್ತದೆ. ಇತ್ತ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗಣಿತಗ್ರಂಥವು ಪ್ರತಿಯೊಂದು ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ಜಮಾಖರ್ಚಿನ ಕ್ರಮವನ್ನು ನಿರೂಪಿಸಿತು. ಅದು ಒಂದೇ ಪುಸ್ತಕದೊಳಗಿನ ತಾಳೆ. ಹೊರಗಿನ ಸಾಕ್ಷಿಯೊಡನೆ ತಾಳೆ ನೋಡುವ ಕೆಲಸ ಅದರಿಂದ ತಪ್ಪಲಿಲ್ಲ.

ಆ ಹೊರಗಿನ ಸಾಕ್ಷಿಯ ಸ್ಥಾನಕ್ಕೆ ಕಾಲಕ್ರಮದಲ್ಲಿ ಬ್ಯಾಂಕು ಬಂದಿತು. 1906ರಲ್ಲಿ ಮಂಗಳೂರಿನ ಕೆನರಾ ಬ್ಯಾಂಕು ಮತ್ತು ಉಡುಪಿಯ ಕಾರ್ಪೊರೇಷನ್ ಬ್ಯಾಂಕು, 1913ರಲ್ಲಿ ಮೈಸೂರು ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕು ಸ್ಥಾಪನೆಯಾದವು. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿ 1928ರಲ್ಲಿ ಆರಂಭವಾಯಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಬ್ಯಾಂಕಿನಲ್ಲೊಂದು ಲೆಕ್ಕ, ಗಿರಾಕಿಯ ಕೈಯಲ್ಲೊಂದು ಪಾಸ್‌ಬುಕ್ಕು: ನ್ಯಾಸಾಪಹಾರಕ್ಕೆ ಎಡೆಗೊಡದ ಏರ್ಪಾಟು ಇದು.

ಪಾಸ್‌ಬುಕ್ಕನ್ನು ಮೊದಲ ಸಲ ತನ್ನ ಖಾತೆಪುಸ್ತಕದೊಡನೆ ಇಟ್ಟು ನೋಡುವವನಿಗೆ ಒಂದು ಗೊಂದಲ ತಪ್ಪದು. ವ್ಯಾಪಾರಿ ಬ್ಯಾಂಕಿಗೆ ಹತ್ತು ಸಾವಿರ ಕಟ್ಟಿದರೆ ಬ್ಯಾಂಕಿನ ಪುಸ್ತಕದಲ್ಲಿ ಅದು ಕ್ರೆಡಿಟ್, ವ್ಯಾಪಾರಿಯ ಪುಸ್ತಕದಲ್ಲಿ ಡೆಬಿಟ್. ಬ್ಯಾಂಕಿನ ಮಟ್ಟಿಗೆ ಅದು ಅವನಿಗೆ ತೀರಿಸಬೇಕಾದ ಸಾಲ. ವ್ಯಾಪಾರಿಯ ಮಟ್ಟಿಗೆ ಬ್ಯಾಂಕಿನಿಂದ ಬರಬೇಕಾದ ಬಾಕಿ. ವಸ್ತುವೊಂದೇ, ನಯ ಎರಡು. ಅನೇಕಾಂತದ ವಿದ್ಯಾರ್ಥಿಗೆ ಇದರಲ್ಲಿ ವಿರೋಧ ಕಾಣದು. ಎರಡರಲ್ಲಿ ಒಂದೇ ಸತ್ಯವೆಂದು ಹಟಹಿಡಿದರೆ ಮಾತ್ರ ಲೆಕ್ಕ ಕೆಡುತ್ತದೆ.

ಗಣಕಯುಗದ ಭಾರತೀಯ ಲೆಕ್ಕಬರಹದ ಮುಖ್ಯ ಅಧ್ಯಾಯ ಬೆಂಗಳೂರಿನಲ್ಲಿಯೇ ನಡೆಯಿತು. ಕಾರ್ಖಾನೆಗಳಿಗೆ ಕಚ್ಚಾಸಾಮಗ್ರಿ ಮತ್ತು ಬಿಡಿಭಾಗಗಳನ್ನು ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರಕ್ಕೆ ಒಪ್ಪುವ ತಂತ್ರಾಂಶ ಸಿಗಲಿಲ್ಲ. ಗಣಿತದ ಪದವೀಧರರಾದ ಮಗ ಭರತ್ ಗೋಯೆಂಕಾ ಅದನ್ನು ರಚಿಸಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸಂಸ್ಥೆಯೇ ಮುಂದೆ ಟ್ಯಾಲಿ ಎಂದು ಪ್ರಸಿದ್ಧವಾಯಿತು. ಅತ್ತ ಅಮೆರಿಕದಲ್ಲಿ 1997ರಲ್ಲಿ ಮೈಕ್ರೋಸಾಫ್ಟ್, ಇಂಟ್ಯೂಟ್ ಮತ್ತು ಚೆಕ್‌ಫ್ರೀ ಸಂಸ್ಥೆಗಳು ಸೇರಿ ಬ್ಯಾಂಕಿನ ಮಾಹಿತಿಯನ್ನು ಲೆಕ್ಕತಂತ್ರಾಂಶಕ್ಕೆ ಸಾಗಿಸಲು ಒಎಫ್‌ಎಕ್ಸ್ ಎಂಬ ಸಮಾನ ಮಾದರಿಯನ್ನು ಪ್ರಕಟಿಸಿದವು. ಅದರಲ್ಲಿ ಪ್ರತಿ ವ್ಯವಹಾರಕ್ಕೂ ಪ್ರತ್ಯೇಕ ಗುರುತುಸಂಖ್ಯೆ ಇರುವುದರಿಂದ, ಅದೇ ಸಾಲು ಎರಡನೆಯ ಸಲ ಬಂದರೆ ತಂತ್ರಾಂಶ ಗುರುತಿಸಬಲ್ಲದು. ಇದಕ್ಕಿಂತ ಸರಳವಾದದ್ದು ಅಲ್ಪವಿರಾಮಗಳಿಂದ ಅಂಕಣಗಳನ್ನು ಬೇರ್ಪಡಿಸುವ ಸಿಎಸ್‌ವಿ ಕಡತ. ತಾರೀಖು, ವಿವರಣೆ, ತೆಗೆದದ್ದು, ಕಟ್ಟಿದ್ದು, ಶಿಲ್ಕು ಎಂಬ ಅಂಕಣಗಳಷ್ಟೇ ಅದರಲ್ಲಿರುತ್ತವೆ. ಬಟ್ಟೆಯ ಕಡತಕ್ಕೆ ಸಲ್ಲುತ್ತಿದ್ದ ಹೆಸರೇ ಗಣಕದ ಕಡತಕ್ಕೂ ಸಂದಿರುವುದು ಕನ್ನಡದ ಭಾಗ್ಯ.

ಆಮದಿನ ಕ್ರಮ ಹೊರನೋಟಕ್ಕೆ ಸುಲಭ. ತೊಡಕುಗಳು ಹಳೆಯವೇ, ವೇಷ ಮಾತ್ರ ಹೊಸದು. 03/04 ಎಂಬುದನ್ನು ಏಪ್ರಿಲ್ ಮೂರೆಂದು ಓದಬೇಕೋ ಮಾರ್ಚ್ ನಾಲ್ಕೆಂದೋ ಎಂಬುದನ್ನು ಮೊದಲೇ ಗೊತ್ತುಪಡಿಸದಿದ್ದರೆ ವ್ಯವಹಾರ ಬೇರೊಂದು ಆರ್ಥಿಕ ವರ್ಷಕ್ಕೇ ಜಾರಬಹುದು. ಗುರುತುಸಂಖ್ಯೆಯಿಲ್ಲದ ಕಡತದಲ್ಲಿ ಹಿಂದಿನ ತಿಂಗಳ ಕೊನೆಯ ದಿನಗಳು ಮತ್ತೆ ಬಂದರೆ ಒಂದೇ ಖರ್ಚು ಎರಡಾಗುತ್ತದೆ. ಒಬ್ಬನದೇ ಎರಡು ಬ್ಯಾಂಕ್ ಖಾತೆಗಳ ನಡುವೆ ಹಣ ವರ್ಗವಾದರೆ, ಒಂದು ಕಡೆ ಖರ್ಚಾಗಿ ಇನ್ನೊಂದು ಕಡೆ ಆದಾಯವಾಗಿ ತೋರುತ್ತದೆ. ಸಾವಿರ ರೂಪಾಯಿಯ ಮಾರಾಟದಲ್ಲಿ ಇಪ್ಪತ್ತು ರೂಪಾಯಿ ಶುಲ್ಕ ಮುರಿದುಕೊಂಡು ಒಂಬೈನೂರ ಎಂಬತ್ತು ಜಮೆಯಾದರೆ, ಬ್ಯಾಂಕಿನ ಸಾಲನ್ನೇ ಮಾರಾಟವೆಂದು ಬರೆದವನ ಪುಸ್ತಕದಲ್ಲಿ ಮಾರಾಟವೂ ಕಡಿಮೆ, ಖರ್ಚೂ ಕಾಣೆ. ಕೊಟ್ಟರೂ ಇನ್ನೂ ನಗದಾಗದ ಚೆಕ್ಕು, ಗಲ್ಲಾಪೆಟ್ಟಿಗೆಯಿಂದಲೇ ಹೋದ ಕೂಲಿ, ಉದ್ದರಿ ಕೊಟ್ಟ ಸರಕು ಇವು ಯಾವುವೂ ವಿವರಪಟ್ಟಿಯಲ್ಲಿ ಇರುವುದೇ ಇಲ್ಲ.

ಇವೆಲ್ಲಕ್ಕಿಂತ ಗಂಭೀರವಾದ ನಷ್ಟ ಬೇರೆ. 2016ರಲ್ಲಿ ಯುಪಿಐ ಬಂದ ಮೇಲೆ ಚಿಕ್ಕ ಅಂಗಡಿಗೂ ದಿನಕ್ಕೆ ಹತ್ತಾರು ಜಮೆಗಳು ಬರುತ್ತವೆ. ವಿವರಪಟ್ಟಿಯ ಸಾಲು ಎಲ್ಲಿಂದ, ಎಷ್ಟು ಎಂಬುದನ್ನು ಹೇಳುತ್ತದೆ. ಏತಕ್ಕಾಗಿ ಎಂಬುದು ಅದಕ್ಕೆ ತಿಳಿಯದು. ಬಂದ ಐದು ಸಾವಿರ ಮಾರಾಟದ್ದೋ, ಹಳೆಯ ಬಾಕಿಯದೋ, ಕೈಸಾಲವೋ, ಒತ್ತೆಯ ಹಣವೋ? ಗೊತ್ತಾಗುವವರೆಗೆ ಅದನ್ನು ಅನಾಮತು ಖಾತೆಯಲ್ಲಿಡುವುದು ಹಿಂದಿನ ಗುಮಾಸ್ತರ ಕ್ರಮ. ತಂತ್ರಾಂಶವು ಹಿಂದಿನ ರೂಢಿಯನ್ನು ನೋಡಿ ಊಹಿಸಿ ಒಂದು ಖಾತೆಗೆ ಹಾಕುತ್ತದೆ. ಅವಸರದಲ್ಲಿ ಒಡೆಯನು ಎಲ್ಲವನ್ನೂ ಒಮ್ಮೆಗೇ ಒಪ್ಪಿಬಿಡುತ್ತಾನೆ. ಇನ್ನೊಬ್ಬನ ಒತ್ತೆ ತನ್ನ ಆದಾಯವಾಗಿ ದಾಖಲಾದರೆ, ಪೂಜ್ಯಪಾದರು ಹೇಳಿದ ದೋಷ ಸಂಕಲ್ಪವಿಲ್ಲದೆಯೇ ಸಂಭವಿಸುತ್ತದೆ.

ತಾಳೆಯೂ ಇಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಬ್ಯಾಂಕಿನ ಪುಸ್ತಕದಿಂದಲೇ ನಕಲಾದ ಪುಸ್ತಕವು ಬ್ಯಾಂಕಿನ ಪುಸ್ತಕದೊಡನೆ ಕೂಡಿಬರುವುದರಲ್ಲಿ ಆಶ್ಚರ್ಯವೇನು? ಸೀಳಿದ ಕೋಲಿನ ಒಂದೇ ಹೋಳನ್ನು ಕನ್ನಡಿಯಲ್ಲಿ ನೋಡಿ ಎರಡೂ ಕೂಡಿದವೆಂದ ಹಾಗಾಯಿತು. ಬ್ಯಾಂಕು ತಪ್ಪಿದರೆ ಹಿಡಿಯುವ ಸಾಕ್ಷಿ ಉಳಿಯುವುದಿಲ್ಲ.

ಕಾನೂನು ಈ ವಿವೇಕವನ್ನು ಮೊದಲಿನಿಂದಲೂ ಇಟ್ಟುಕೊಂಡಿದೆ. ಕ್ರಮವಾಗಿ ಬರೆದ ಲೆಕ್ಕಪುಸ್ತಕ ಸಾಕ್ಷ್ಯವಾಗಬಲ್ಲದು, ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು ಎಂಬುದು 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 34ನೆಯ ಕಲಮಿನ ಆಶಯವಾಗಿತ್ತು. ಕಂಪನಿಗಳು ಬಳಸುವ ಲೆಕ್ಕತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡೂ ಅಳಿಸಲಾಗದಂತೆ ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬಟ್ಟೆಯ ಕಡತ ಒರೆಸಿದರೆ ಅಳಿಯುತ್ತಿತ್ತು. ಇಂದಿನ ಕಡತ ಒರೆಸಿದ್ದನ್ನೂ ನೆನಪಿಡುತ್ತದೆ. ಆದರೆ ಬರೆದದ್ದು ಸತ್ಯವೇ ಎಂಬುದನ್ನು ಆ ಜಾಡು ಹೇಳಲಾರದು.

ಮಹಾವೀರಸ್ವಾಮಿಯ ನಿರ್ವಾಣದ ದಿನವಾದ ದೀಪಾವಳಿಯಲ್ಲಿ ವರ್ತಕರು ಹೊಸ ಪುಸ್ತಕಕ್ಕೆ ಪೂಜೆ ಮಾಡುವ ಸಂಪ್ರದಾಯವಿದೆ. ಪೂಜೆಗೆ ಮೊದಲು ಹಳೆಯ ಪುಸ್ತಕದ ಬಾಕಿಗಳನ್ನು ಒಂದೊಂದಾಗಿ ನೋಡಿ ಮುಗಿಸುವುದು ಅದರ ಒಳಗಿನ ಶಿಸ್ತು. ಬ್ಯಾಂಕಿನ ಸಾಲುಗಳನ್ನು ಯಂತ್ರ ತಂದುಕೊಡಲಿ. ಕೈಬರಹದ ಶ್ರಮವೂ ಅಂಕಿ ತಪ್ಪುವ ಭಯವೂ ಅದರಿಂದ ಕಳೆಯುತ್ತವೆ. ರಸೀದಿ, ಬಿಲ್ಲು, ಉದ್ದರಿ ಪುಸ್ತಕಗಳೆಂಬ ತನ್ನದೇ ಸಾಕ್ಷಿಯನ್ನು ವ್ಯಾಪಾರಿ ಬೇರೆಯಾಗಿ ಉಳಿಸಿಕೊಂಡು, ಪ್ರತಿ ಸಾಲಿನ ಎದುರಿಗೂ ‘ಏತಕ್ಕಾಗಿ’ ಎಂಬುದನ್ನು ತಾನೇ ಬರೆದಾಗ ಮಾತ್ರ ಅದು ಲೆಕ್ಕವಾಗುತ್ತದೆ. ಆರೂವರೆ ಶತಮಾನಗಳ ಹಿಂದೆ ಬೆಳಗೊಳದ ಕಲ್ಲಿನ ಮೇಲೆ ಬರೆದವರು ಆ ನಾಲ್ಕನೆಯ ಪ್ರಶ್ನೆಯನ್ನು ಬಿಟ್ಟಿರಲಿಲ್ಲ.