ಕೆಂಪುಕೋಟೆಗೆ ಆಗೋ ಪಂಚೆ ನಮ್ಮ ಪಾರ್ಕಿಗೆ ಯಾಕೆ ಆಗಲ್ಲ?

ನೋಯ್ಡಾ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್ ಎಲ್ಲೇ ಇದ್ದರೂ ಎಲ್ಲರಿಗೂ ಸ್ವಾಗತ. ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೋದಲ್ಲಿ ಓದ್ಕೊಂಡು ಹೋಗ್ತೀವಿ ಅನ್ನೋರಿಗಾಗಿ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ.

ಇವತ್ತಿನ ವಿಷಯ ಯುದ್ಧ ಅಲ್ಲ, ರಾಜವಂಶ ಅಲ್ಲ. ಬಟ್ಟೆ. ಅದರಲ್ಲೂ ಪಂಚೆ. ಮೊದಲು ನನ್ನದೇ ಒಂದು ಕಥೆ ಹೇಳಿಬಿಡ್ತೀನಿ, ಯಾಕಂದ್ರೆ ಈ ವಿಡಿಯೋ ಮಾಡೋಕೆ ಕಾರಣವೇ ಅದು.

2023ರ ಜೂನ್‌ನಲ್ಲಿ ಗ್ರೇಟರ್ ನೋಯ್ಡಾದ ಫೈ-2 ಸೆಕ್ಟರಿನ ಹಿಮಸಾಗರ್ ಅಪಾರ್ಟ್‌ಮೆಂಟಿನ ಒಂದು ನೋಟಿಸ್ ವೈರಲ್ ಆಗಿತ್ತು, ನೆನಪಿದೆಯಾ? ಲುಂಗಿ, ನೈಟಿ ಹಾಕ್ಕೊಂಡು ಮನೆಯಿಂದ ಹೊರಗೆ, ಪಾರ್ಕು-ಗೀರ್ಕಲ್ಲಿ ಓಡಾಡಬೇಡಿ ಅಂತ ಅಲ್ಲಿನ ನಿವಾಸಿಗಳ ಸಂಘ ಕೇಳಿಕೊಂಡಿತ್ತು. ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ನಕ್ಕೆವು. ನಾನೂ ಒಂದು ಮೀಮ್ ಹಾಕಿದೆ.

ಅದೇ ವರ್ಷ ನವೆಂಬರ್‌ನಲ್ಲಿ ಅಪ್ಪ ಊರಿಂದ ಬಂದರು. ನಮ್ಮದು ಅರಸೀಕೆರೆ ತಾಲ್ಲೂಕು, ತೆಂಗಿನ ತೋಟದವರು. ಅಪ್ಪನ ಬಟ್ಟೆ ಅಂದ್ರೆ ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್. ಬಂದ ಮಾರನೇ ದಿನ ಬೆಳಗ್ಗೆ ವಾಕಿಂಗ್ ಹೊರಟರು. ಲಿಫ್ಟಿನ ಹತ್ತಿರ ನಿಲ್ಲಿಸಿ ಹೇಳಿದೆ: "ಅಪ್ಪಾ, ಇಲ್ಲಿ ಪಂಚೆ ಎಲ್ಲ ನೋಡೋಕೆ ಒಂಥರಾ. ಪ್ಯಾಂಟ್ ತಂದಿದೀನಿ, ಅದು ಹಾಕ್ಕೊಳ್ಳಿ."

ಅಪ್ಪ ನನ್ನ ಮುಖ ನೋಡಿದರು. "ಯಾಕ್ಲಾ? ಗೌಡ್ರು ಕೆಂಪುಕೋಟೆ ಮ್ಯಾಲೆ ಪಂಚೇಲೇ ನಿಂತಿರ್ಲಿಲ್ವಾ? ನಿಮ್ ಪಾರ್ಕು ಅದಕ್ಕಿಂತ ದೊಡ್ಡದಾ?" ಅಂದರು. ಜಗಳ ಆಡಲಿಲ್ಲ. ಒಳಗೆ ಹೋಗಿ ಪ್ಯಾಂಟ್ ಹಾಕ್ಕೊಂಡು ಬಂದರು.

ಸ್ನೇಹಿತರೇ, ನಮ್ಮ ಸೊಸೈಟಿಯಲ್ಲಿ ಅಂಥ ನೋಟಿಸ್ ಇರಲಿಲ್ಲ. ಗಾರ್ಡ್ ಏನೂ ಅಂದಿರಲಿಲ್ಲ. ಅಕ್ಕಪಕ್ಕದವರು ನಕ್ಕಿರಲಿಲ್ಲ. ಅಪ್ಪನನ್ನ ತಡೆದವನು ನಾನೇ. ಆಮೇಲೆ ಅಪ್ಪನ ಪ್ರಶ್ನೆ ತಲೇಲಿ ಕೂತುಬಿಡ್ತು. ದೆಹಲಿಯಲ್ಲಿ ಯಾವ ಬಟ್ಟೆ ಎದ್ದು ಕಾಣುತ್ತೆ, ಯಾವುದು ಬೆರೆತು ಹೋಗುತ್ತೆ, ಅದನ್ನ ಯಾರು ತೀರ್ಮಾನ ಮಾಡ್ತಾರೆ? ಹುಡುಕ್ತಾ ಹೋದರೆ ಈ ಊರಿಗೆ ಅದರದ್ದೇ ಒಂದು ಇತಿಹಾಸ ಇದೆ.

1911: ಒಡವೆ ಹಾಕದೆ ಬಂದ ಮಹಾರಾಜ

ಉತ್ತರ ದೆಹಲಿಯ ಬುರಾಡಿ ಕಡೆ ಕಾರೊನೇಷನ್ ಪಾರ್ಕ್ ಅಂತ ಇದೆ. 1911ರ ಡಿಸೆಂಬರ್ 12ರಂದು ಐದನೇ ಜಾರ್ಜ್ ದೊರೆಯ ದರ್ಬಾರ್ ನಡೆದ ಜಾಗ. ರಾಜಧಾನಿಯನ್ನ ಕಲ್ಕತ್ತಾದಿಂದ ದೆಹಲಿಗೆ ತರ್ತೀವಿ ಅಂತ ಘೋಷಣೆ ಆಗಿದ್ದೂ ಅವತ್ತೇ. ಅಂದ್ರೆ ನಾವೆಲ್ಲ ಇವತ್ತು ಕೆಲಸಕ್ಕೆ ಬಂದಿರೋ ಈ ಎನ್‌ಸಿಆರ್‌ನ ಬೀಜ ಬಿದ್ದ ದಿನ ಅದು.

ದರ್ಬಾರಿಗೆ ಬರೋ ದೇಶೀ ರಾಜರು ಪೂರ್ತಿ ರಾಜಪೋಷಾಕು, ಒಡವೆ ಧರಿಸಿ ಬಂದು, ದೊರೆಗೆ ಬಾಗಿ ನಮಸ್ಕರಿಸಿ, ಬೆನ್ನು ತೋರಿಸದೆ ಹಿಂದೆ ಸರಿಯಬೇಕಿತ್ತು. ಆಗ 21 ತೋಪಿನ ಮರ್ಯಾದೆ ಇದ್ದಿದ್ದು ಮೂರೇ ಸಂಸ್ಥಾನಕ್ಕೆ: ಹೈದರಾಬಾದ್, ಮೈಸೂರು, ಬರೋಡ. ಆ ಬರೋಡದ ಸಯಾಜಿರಾವ್ ಗಾಯಕ್‌ವಾಡ್ ಒಡವೆ ಇಲ್ಲದೆ, ಸಾದಾ ಬಿಳಿ ಉಡುಪಲ್ಲಿ, ಕೈಯಲ್ಲಿ ಒಂದು ಬೆತ್ತ ಹಿಡ್ಕೊಂಡು ಬಂದರು. ಒಂದು ಸಲ ಬಾಗಿ, ತಿರುಗಿ ಹೊರಟುಬಿಟ್ಟರು.

ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಇದು ದೊಡ್ಡ ಗಲಾಟೆ ಆಯ್ತು. ದರ್ಬಾರಿನ ಚಲನಚಿತ್ರ ಲಂಡನ್ನಿನಲ್ಲಿ ತೋರಿಸಿದಾಗ ಇನ್ನೂ ಹೆಚ್ಚಾಯ್ತು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ವಿಡಿಯೋ ವೈರಲ್ ಆಯ್ತು. ರಾಜದ್ರೋಹದ ಮಾತು ಬಂತು, ಕೊನೆಗೆ ಗಾಯಕ್‌ವಾಡರು ವೈಸರಾಯ್‌ಗೆ ಕ್ಷಮೆ ಕೋರಿ ಬರೆಯಬೇಕಾಯ್ತು.

ಇಲ್ಲೊಂದು ವಿಷಯ ಗಮನಿಸಿ. ಬಿಳಿ ಬಟ್ಟೆ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ ಬಟ್ಟೆ. ಆದರೆ ಸುತ್ತ ಎಲ್ಲರೂ ಜರಿ, ವಜ್ರ ಹಾಕ್ಕೊಂಡಿರುವಾಗ ಅದೇ ಎಲ್ಲಕ್ಕಿಂತ ಹೆಚ್ಚು ಕಾಣುತ್ತೆ. ಎದ್ದು ಕಾಣೋ ಗುಣ ಬಟ್ಟೆಯೊಳಗೆ ಇಲ್ಲ. ಆ ಜಾಗದಲ್ಲಿ ಮಾಮೂಲಿ ಯಾವುದು ಅಂತ ಯಾರು ನಿಶ್ಚಯ ಮಾಡಿದ್ದಾರೋ ಅವರ ಕೈಯಲ್ಲಿದೆ.

1931: ಹೊಸ ಅರಮನೆಯ ಮೆಟ್ಟಿಲು

20 ವರ್ಷ ಮುಂದೆ ಬನ್ನಿ. 1931ರ ಫೆಬ್ರವರಿಯಲ್ಲಿ ನವದೆಹಲಿಯ ಉದ್ಘಾಟನೆ ಆಯ್ತು. ಅದೇ ತಿಂಗಳು ಗಾಂಧೀಜಿ ವೈಸರಾಯ್ ಇರ್ವಿನ್ ಜೊತೆ ಮಾತುಕತೆಗೆ ವೈಸರಾಯ್ ಭವನಕ್ಕೆ, ಅಂದ್ರೆ ಇವತ್ತಿನ ರಾಷ್ಟ್ರಪತಿ ಭವನಕ್ಕೆ ಹೋದರು. ಮೈಮೇಲೆ ತುಂಡು ಪಂಚೆ, ಹೊದಿಯೋಕೆ ಒಂದು ಶಾಲು. 1921ರ ಸೆಪ್ಟೆಂಬರ್‌ನಲ್ಲಿ ಮಧುರೈಯಲ್ಲಿ ಅಂಗಿ ಟೋಪಿ ಬಿಟ್ಟ ಮೇಲೆ ಅವರದ್ದು ಅದೇ ಉಡುಪು. ವಿದೇಶಿ ಬಟ್ಟೆ ಬಿಡಿ ಅಂದರೆ ಖಾದಿ ಕೊಳ್ಳೋಕೂ ದುಡ್ಡಿಲ್ಲ ಅನ್ನೋ ಬಡವರ ಮಾತು ಕೇಳಿ ಮಾಡಿದ ತೀರ್ಮಾನ ಅದು.

ಅರೆಬೆತ್ತಲೆ ಫಕೀರನೊಬ್ಬ ವೈಸರಾಯ್ ಅರಮನೆಯ ಮೆಟ್ಟಿಲು ಹತ್ತುತ್ತಿದ್ದಾನೆ ಅಂತ ಲಂಡನ್ನಿನಲ್ಲಿ ಚರ್ಚಿಲ್‌ಗೆ ಹೊಟ್ಟೆ ಉರಿದದ್ದು ಇದೇ ಭೇಟಿಗೆ. ಗಾಂಧೀಜಿ ಬದಲಿಸಲಿಲ್ಲ. ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಗೂ ಹಾಗೇ ಹೋದರು. ಅಲ್ಲಿ ಎದುರಿಗಿದ್ದವನು ಅದೇ ಐದನೇ ಜಾರ್ಜ್. ಆ ದೊರೆಯ ಪ್ರತಿಮೆ ಇಂಡಿಯಾ ಗೇಟ್ ಹತ್ತಿರ ಇತ್ತು, 1968ರಲ್ಲಿ ತೆಗೆದು ಕಾರೊನೇಷನ್ ಪಾರ್ಕಿಗೆ ಸಾಗಿಸಿದರು. ಭಾನುವಾರ ಹೋಗಿ ನೋಡಿ, ನಿಲುವಂಗಿ ಸಮೇತ ಅಲ್ಲೇ ನಿಂತಿದ್ದಾನೆ.

ನಮ್ಮವರ ಮಧ್ಯದ ದಾರಿ

ಗಾಂಧೀಜಿಯಷ್ಟು ಧೈರ್ಯ ಎಲ್ಲರಿಗೂ ಇರಲ್ಲ, ಬೇಕಾಗಿಯೂ ಇಲ್ಲ. ಹಳೇ ಮೈಸೂರಿನ ಓದಿದ ತಲೆಮಾರು ಒಂದು ಮಧ್ಯದ ದಾರಿ ಕಂಡುಕೊಂಡಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ ಕಣ್ಣ ಮುಂದೆ ತಂದುಕೊಳ್ಳಿ. ಕತ್ತಿನಿಂದ ಕೆಳಗೆ ಸೂಟು, ಟೈ. ಮೇಲೆ ಜರಿ ಅಂಚಿನ ಮೈಸೂರು ಪೇಟ. ಸಭೆಗೆ ಬೇಕಾದ ಬಟ್ಟೆ ಹಾಕ್ತೀನಿ, ಆದರೆ ಎಲ್ಲಿಂದ ಬಂದೆ ಅನ್ನೋದು ತಲೆ ಮೇಲೇ ಇರುತ್ತೆ ಅನ್ನೋ ಲೆಕ್ಕ.

ಮೊದಮೊದಲ ಭಾರತರತ್ನಗಳನ್ನೇ ನೋಡಿ. 1954ರಲ್ಲಿ ರಾಧಾಕೃಷ್ಣನ್ ಮತ್ತು ಸಿ.ವಿ. ರಾಮನ್, 1955ರಲ್ಲಿ ವಿಶ್ವೇಶ್ವರಯ್ಯ. ಮೂವರದ್ದೂ ರುಮಾಲು ಸುತ್ತಿದ ತಲೆ. ಮೂವರಿಗೂ ನಮ್ಮ ನಾಡಿನ ನಂಟು: ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು, ರಾಮನ್ 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಅಲ್ಲೇ ನೆಲೆಸಿದವರು. 1930ರಲ್ಲಿ ಸ್ಟಾಕ್‌ಹೋಮಿನಲ್ಲಿ ನೊಬೆಲ್ ತಗೊಳ್ಳುವಾಗಲೂ ರಾಮನ್ ರುಮಾಲು ತೆಗೆದಿರಲಿಲ್ಲ.

1996: ಒಂದೇ ಬೇಸಿಗೆಯಲ್ಲಿ ಮೂರು ಪಂಚೆ

ಈಗ ಅಪ್ಪನ ಪಾಯಿಂಟಿಗೆ ಬರೋಣ. ಪಕ್ಷ, ರಾಜಕೀಯ ಎಲ್ಲ ಪಕ್ಕಕ್ಕಿಡಿ, ಬಟ್ಟೆ ಮಾತ್ರ ನೋಡಿ.

1996ರ ಮೇ-ಜೂನ್‌ನಲ್ಲಿ ಕೆಲವೇ ವಾರಗಳ ಒಳಗೆ ದೇಶ ಮೂವರು ಪ್ರಧಾನಿಗಳನ್ನ ಕಂಡಿತು. ಮೇ 16ರವರೆಗೆ ಪಿ.ವಿ. ನರಸಿಂಹರಾವ್, ಜೂನ್ 1ರವರೆಗೆ ವಾಜಪೇಯಿ, ಅವತ್ತಿಂದ ನಮ್ಮ ಹೊಳೆನರಸೀಪುರದ ಎಚ್.ಡಿ. ದೇವೇಗೌಡರು. ಮೂವರೂ ಪಂಚೆಯವರೇ! ಹಾಗಾದರೆ ದೆಹಲಿಗೆ ಪಂಚೆ ಹೊಸದಲ್ಲ, ಅಲ್ವಾ?

ವ್ಯತ್ಯಾಸ ಇರೋದು ಕಚ್ಚೆಯಲ್ಲಿ. ರಾವ್ ಅವರದ್ದು, ವಾಜಪೇಯಿಯವರದ್ದು ಕಚ್ಚೆ ಹಾಕಿ ಉಟ್ಟ ಪಂಚೆ. ಉತ್ತರದವರು ಧೋತಿ ಅನ್ನೋದು ಅದಕ್ಕೆ. ಗೌಡರದ್ದು ನಮ್ಮ ಹಾಸನ-ಮಂಡ್ಯ ಕಡೆಯ ಅಡ್ಡ ಪಂಚೆ, ಸೊಂಟಕ್ಕೆ ಸುತ್ತಿ ನೇರ ಇಳಿಬಿಡೋದು. ಇದನ್ನ ನೋಡಿದರೆ ಇಲ್ಲಿನವರ ಬಾಯಿಗೆ ಥಟ್ಟಂತ ಬರೋ ಪದ ಒಂದೇ: ಲುಂಗಿ. ನಮಗೆ ಬಿಳಿ ಪಂಚೆ ಬೇರೆ, ಚೌಕಳಿ ಲುಂಗಿ ಬೇರೆ. ಒಂದು ಮದುವೆ, ಪಂಚಾಯ್ತಿ, ದೇವಸ್ಥಾನಕ್ಕೆ, ಇನ್ನೊಂದು ಮನೆಯೊಳಗೆ. ಇಲ್ಲಿ ಎರಡೂ ಒಂದೇ ಡಬ್ಬಿಗೆ ಬೀಳುತ್ತೆ, ಆ ಡಬ್ಬಿಯ ಹೆಸರು ರಾತ್ರಿ ಮಲಗೋ ಬಟ್ಟೆ.

ತಮಾಷೆ ಏನು ಗೊತ್ತಾ? ಸುತ್ತಿ ಉಡೋ ಬಟ್ಟೆ ಈ ಸೀಮೆಗೂ ಪರಕೀಯ ಅಲ್ಲ. ಪಂಜಾಬಿನ ಹಳ್ಳಿಗಳ ಹಿರಿಯರು ತೆಹಮತ್, ಚಾದ್ರ ಅಂತ ಉಟ್ಟು ಊರೆಲ್ಲ ತಿರುಗಿದವರೇ. ಇವತ್ತು ಇಲ್ಲಿನ ಮದುವೆಗಳಲ್ಲಿ ಭಾಂಗ್ಡಾ ಕುಣಿಯೋರು ಕಟ್ಟೋದು ಅದನ್ನೇ. ದಿನಬಳಕೆಯಿಂದ ಜಾರಿದ ಬಟ್ಟೆ ವೇಷವಾಗಿ ಉಳಿದುಕೊಳ್ತು.

1996ರ ಆಗಸ್ಟ್ 15. ನಾನು ಎರಡನೇ ಕ್ಲಾಸು. ಪಕ್ಕದ ಮನೆಯ ಕಪ್ಪು-ಬಿಳುಪು ಟಿವಿ ಮುಂದೆ ಅರ್ಧ ಊರೇ ಕೂತಿತ್ತು. ಹಿಂದಿ ಬಾರದ ಗೌಡರು ಕೆಂಪುಕೋಟೆಯಿಂದ ಹಿಂದಿಯಲ್ಲೇ ಭಾಷಣ ಓದಿದರು, ಕನ್ನಡ ಅಕ್ಷರದಲ್ಲಿ ಬರೆದುಕೊಂಡು. ಅಲ್ಲಿದ್ದವರಿಗೆ ಒಂದಕ್ಷರ ಅರ್ಥ ಆಗಲಿಲ್ಲ. ಆದರೂ ಅಪ್ಪ ಎದ್ದೇಳಲಿಲ್ಲ. ಅವರು ಕೇಳೋಕೆ ಕೂತಿರಲಿಲ್ಲ, ನೋಡೋಕೆ ಕೂತಿದ್ದರು. ಗೌಡರು ಆ ಕುರ್ಚಿಗಾಗಿ ಭಾಷೆಯಲ್ಲಿ ರಾಜಿ ಮಾಡಿಕೊಂಡರು, ಬಟ್ಟೆಯಲ್ಲಿ ಮಾಡಿಕೊಳ್ಳಲಿಲ್ಲ. 11 ತಿಂಗಳೂ ತುಂಬದ ಆ ಅಧಿಕಾರದಲ್ಲಿ ಅಪ್ಪನಿಗೆ ಇವತ್ತಿಗೂ ನೆನಪಿರೋದು ಈ ಒಂದು ದೃಶ್ಯ.

ಗೇಟಿನಲ್ಲಿ ನಿಲ್ಲಿಸೋದು ಯಾರನ್ನ?

ಇಲ್ಲೀವರೆಗೆ ಹೇಳಿದವರೆಲ್ಲ ದೊಡ್ಡವರು. ಮಹಾರಾಜ, ಮಹಾತ್ಮ, ದಿವಾನ, ಪ್ರಧಾನಿ. ಅವರ ಬಟ್ಟೆ ಎದ್ದು ಕಂಡರೆ ಅದು ಸುದ್ದಿ ಆಗುತ್ತೆ, ಇತಿಹಾಸ ಆಗುತ್ತೆ. ಸಾಮಾನ್ಯ ಮನುಷ್ಯನ ಬಟ್ಟೆ ಎದ್ದು ಕಂಡರೆ ಏನಾಗುತ್ತೆ?

2017ರ ಜೂನ್‌ನಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿಗೆ ಅತಿಥಿಯಾಗಿ ಬಂದಿದ್ದ ಮೇಘಾಲಯದ ಖಾಸಿ ಮಹಿಳೆಯೊಬ್ಬರನ್ನ ಊಟದ ಟೇಬಲ್ಲಿಂದ ಎದ್ದು ಹೋಗಿ ಅಂದರು. ಅವರು ತೊಟ್ಟಿದ್ದು ತಮ್ಮ ಸಮುದಾಯದ ಜೈನ್‌ಸೆಮ್. ಅದು ಮನೆಗೆಲಸದವರ ಯೂನಿಫಾರ್ಮ್ ಥರ ಕಾಣುತ್ತೆ ಅನ್ನೋದು ಕೊಟ್ಟ ಕಾರಣ. ದೇಶವೆಲ್ಲ ಬೈದ ಮೇಲೆ ಕ್ಲಬ್ ವಿಷಾದ ಹೇಳಿತು.

ದೆಹಲಿಯೇ ಹಿಂಗೆ ಅಂತ ಬೈದು ಸುಮ್ಮನಾಗೋ ಹಾಗಿಲ್ಲ ಸ್ನೇಹಿತರೇ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ರೈತರೊಬ್ಬರನ್ನ ಒಳಗೆ ಬಿಡಲಿಲ್ಲ. ಅದೇ ಜುಲೈನಲ್ಲಿ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ, ಮಗನ ಜೊತೆ ಸಿನಿಮಾ ನೋಡೋಕೆ ಬಂದ ಹಾವೇರಿ ಕಡೆಯ ರೈತರನ್ನ ಪಂಚೆ ಉಟ್ಟಿದ್ದಾರೆ ಅಂತ ತಡೆದರು. ಕನ್ನಡದ ರಾಜಧಾನಿಯಲ್ಲಿ, ಕನ್ನಡಿಗನ ಪಂಚೆಗೆ! ಮೆಟ್ರೋದ ಭದ್ರತಾ ಮೇಲ್ವಿಚಾರಕನ ಕೆಲಸ ಹೋಯ್ತು. ಮಾಲ್ ಅನ್ನ ಏಳು ದಿನ ಮುಚ್ಚಿಸ್ತೀವಿ ಅಂತ ಸರ್ಕಾರ ಸದನದಲ್ಲೇ ಹೇಳಿತು.

ತಮಿಳುನಾಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. 2014ರ ಜುಲೈನಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ ಒಂದು ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಒಳಗೆ ಬಿಡಲಿಲ್ಲ. ಮುಂದಿನ ತಿಂಗಳೇ ಅಲ್ಲಿನ ವಿಧಾನಸಭೆ ವೇಷ್ಟಿ ತಡೆಯೋದರ ವಿರುದ್ಧ ಕಾನೂನು ಪಾಸ್ ಮಾಡಿತು.

ಆದರೆ ಕಾನೂನು ಕ್ಲಬ್ಬಿನ ಗೇಟಿಗೆ ಅನ್ವಯಿಸುತ್ತೆ, ಮಾಲಿನ ಗೇಟಿಗೆ ಅನ್ವಯಿಸುತ್ತೆ. ನಮ್ಮನೆ ಲಿಫ್ಟಿನ ಹತ್ತಿರ ನಿಂತಿದ್ದ ನನಗೆ ಯಾವ ಕಾನೂನು?

ನಮ್ಮ ಕೊರಳ ಪಟ್ಟಿ

ನಾವು ಐಟಿಯವರು ಬಟ್ಟೆ ಬಗ್ಗೆ ತಲೆ ಕೆಡಿಸ್ಕೊಳ್ಳಲ್ಲ ಅಂತ ಜಂಬ ಪಡ್ತೀವಿ. ಇನ್ಫೋಸಿಸ್‌ನಂಥ ಕಂಪನಿಯೇ 2015ರಲ್ಲಿ ಫಾರ್ಮಲ್ ಬಟ್ಟೆಯ ನಿಯಮ ಸಡಿಲಿಸಿತು. ಈಗ ಟೀ ಶರ್ಟು, ಜೀನ್ಸು, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೊರಳಿಗೆ ಐಡಿ ಕಾರ್ಡಿನ ಪಟ್ಟಿ. ಸೈಬರ್ ಸಿಟಿಯಲ್ಲಾಗಲಿ ಸೆಕ್ಟರ್ 62ರಲ್ಲಾಗಲಿ ಈ ವೇಷದವನನ್ನ ಯಾವ ಗಾರ್ಡೂ ಎರಡನೇ ಸಲ ನೋಡಲ್ಲ. ನೋಡೋಕೆ ಸ್ವಾತಂತ್ರ್ಯ ಥರ ಇದೆ, ಆದರೆ ಇದೂ ಯೂನಿಫಾರ್ಮೇ. ಆ ಪಟ್ಟಿ ತೆಗೆದು, ಪಂಚೆ ಉಟ್ಟು, ಅದೇ ಗೇಟಿಗೆ ಒಂದು ದಿನ ಹೋಗಿ ನೋಡಿ. ನಾನು ಹೋಗಿಲ್ಲ, ಒಪ್ಕೊಳ್ತೀನಿ.

ಬೆರೆತು ಹೋಗೋದು ತಪ್ಪು ಅಂತ ನಾನು ಹೇಳ್ತಿಲ್ಲ. ಹೊಸ ಊರಿಗೆ ಬಂದವನು ಸುತ್ತಲಿನವರ ಹಾಗೆ ಇರೋದು ಜಾಣತನ, ಸುಮ್ಮನೆ ಎಲ್ಲರ ಕಣ್ಣಿಗೆ ಬಿದ್ದು ಸುಸ್ತಾಗೋದು ಯಾಕೆ? ವಿಶ್ವೇಶ್ವರಯ್ಯನವರೂ ಸೂಟು ಹಾಕಿದರು. ನನ್ನ ತಪ್ಪು ಬೇರೆ. ನಾನು ಬೆರೆತು ಹೋಗೋಕೆ ಅಪ್ಪನ ಬಟ್ಟೆ ಬದಲಿಸಿದೆ. ನಾಚಿಕೆ ನನ್ನದು, ಪ್ಯಾಂಟ್ ಮಾತ್ರ ಅಪ್ಪನಿಗೆ.

ಆ ಸಲ ಅಪ್ಪ ಇದ್ದ ಭಾನುವಾರ ರಾವ್ ತುಲಾರಾಂ ಮಾರ್ಗದ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಿದ್ವಿ. ಕೇಳದೇನೇ ಅಪ್ಪ ಪಂಚೆ ಉಟ್ಟು ರೆಡಿಯಾಗಿದ್ದರು. ಅಲ್ಲಿ ಯಾರೂ ತಿರುಗಿ ನೋಡಲಿಲ್ಲ. ಹಿಂದೆ ಬರುವಾಗ ಮೆಟ್ರೋದಲ್ಲಿ ಎದುರು ಕೂತಿದ್ದ ಹುಡುಗ ಮಾತ್ರ ಸ್ವಲ್ಪ ಹೊತ್ತು ನೋಡಿದ, ಆಮೇಲೆ ಎದ್ದು ಜಾಗ ಬಿಟ್ಟುಕೊಟ್ಟ. "ಬೈಠಿಯೇ ಅಂಕಲ್" ಅಂದ. ಅಪ್ಪ ಪಂಚೆಯ ಅಂಚು ಸರಿ ಮಾಡ್ಕೊಂಡು ಕೂತರು. ನನಗೇನೂ ಹೇಳಲಿಲ್ಲ.

ಆ ಪ್ಯಾಂಟ್ ಈಗ ನಮ್ಮನೆ ಬೀರುವಿನಲ್ಲಿದೆ. ಊರಿಗೆ ಹೋಗುವಾಗ ಬಿಟ್ಟು ಹೋದರು. ಈ ಬೇಸಿಗೆಯಲ್ಲಿ ಮತ್ತೆ ಬರ್ತಾರೆ. ಬೆಳಗ್ಗೆ ವಾಕಿಂಗಿಗೆ ಜೊತೆಗೆ ನಾನೂ ಹೋಗ್ತೀನಿ, ಪಂಚೆಯಲ್ಲೇ. ಕಟ್ಟೋದು ಸರಿಯಾಗಿ ಬರಲ್ಲ, ಬೆಲ್ಟ್ ಹಾಕ್ಕೋಬೇಕು, ಅಷ್ಟೇ.

ನಿಮ್ಮ ಮನೆಗೂ ಊರಿಂದ ಅಪ್ಪ-ಅಮ್ಮ ಬಂದಾಗ ಇಂಥದ್ದು ನಡೆದಿದ್ದರೆ ಕೆಳಗೆ ಕಾಮೆಂಟಲ್ಲಿ ಬರೀರಿ, ಎಲ್ಲ ಓದ್ತೀನಿ. ಮುಂದಿನ ವಿಡಿಯೋದಲ್ಲಿ ಸಿಗೋಣ. ನಮಸ್ಕಾರ.