ಹಳೆಯ ಜೀಪುಗಳ ಮರುಕಟ್ಟಣೆ: ಆಳಂದ, ಅಫಜಲಪುರ, ಜೇವರ್ಗಿ

ಬಿಡುವಿನ ಹೊತ್ತಿನಲ್ಲಿ ಮನೆಯಂಗಳದಲ್ಲೋ ಹೊಲದ ಶೆಡ್ಡಿನಲ್ಲೋ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ, ತುಕ್ಕು ತಿಂದದ್ದನ್ನು ಕತ್ತರಿಸಿ ಬೆಸೆದು, ಮತ್ತೆ ಓಡುವಂತೆ ಮಾಡುವ ಕೆಲಸಕ್ಕೆ ಭಾರತದಲ್ಲಿ ಮುಖ್ಯವಾಗಿ ಒದಗಿರುವುದು ಜೀಪು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಈ ಗಾಡಿಯ ಚರಿತ್ರೆ ಮೂರು ಸಂಗತಿಗಳಿಗೆ ಹೆಣೆದುಕೊಂಡಿದೆ: ಭೀಮಾ ತೀರದ ಎರೆಮಣ್ಣು, ಸೊಲ್ಲಾಪುರದ ಸಾಮೀಪ್ಯ, ಮತ್ತು ಊರೂರಿಗೂ ಬಂದ ಟ್ರ್ಯಾಕ್ಟರ್. ಕೊನೆಯದಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಹಳೆಯ ಡೀಸೆಲ್ ಜೀಪನ್ನು ಹಳ್ಳಿಯಲ್ಲೇ ರಿಪೇರಿ ಮಾಡಿ ಉಳಿಸಿಕೊಳ್ಳಲು ಸಾಧ್ಯವಾದದ್ದು ಹೆಚ್ಚಾಗಿ ಟ್ರ್ಯಾಕ್ಟರ್ ಮಿಸ್ತ್ರಿಗಳ ಕೈಗುಣದಿಂದ.

ತೊಗರಿಗೆ ಹೆಸರಾದ ಈ ಸೀಮೆಯ ಎರೆಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ. ಹಸಿ ಎರೆ ಟಾಯರಿನ ಗೆರೆಗಳಲ್ಲಿ ತುಂಬಿಕೊಂಡು ಅದನ್ನು ನುಣುಪು ಗಾಲಿಯನ್ನಾಗಿ ಮಾಡುತ್ತದೆ. ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡು ಗಾಲಿ ತಿರುಗದಂತೆ ಹಿಡಿಯುತ್ತದೆ. ಹಿಂದಿನ ಗಾಲಿಗೆ ಮಾತ್ರ ಎಳೆತವಿರುವ ಗಾಡಿ ಇಂಥ ಹೊಲದ ದಾರಿಯಲ್ಲಿ ಬೇಗ ಸೋಲುತ್ತದೆ. ಆದರೂ ಫೋರ್ ವೀಲ್ ಎಂಬುದನ್ನು ಅತಿಯಾಗಿ ನಂಬಬಾರದು. ಸಾಮಾನ್ಯ ಡಿಫರೆನ್ಷಿಯಲ್ ಇರುವ ಜೀಪಿನಲ್ಲಿ ಮುಂದೆ ಒಂದು, ಹಿಂದೆ ಒಂದು ಗಾಲಿ ಹಿಡಿತ ತಪ್ಪಿದರೆ ಉಳಿದೆರಡು ಗಾಲಿಗಳು ಸುಮ್ಮನೆ ನಿಲ್ಲುತ್ತವೆ.

ಜೀಪಿನ ಮೂಲ ಎರಡನೆಯ ಮಹಾಯುದ್ಧದಲ್ಲಿದೆ. ಅಮೆರಿಕದ ಸೇನೆಗಾಗಿ 1940ರಲ್ಲಿ ಬ್ಯಾಂಟಮ್ ಕಂಪನಿ ಮಾಡಿದ ಮಾದರಿಯ ಜಾಡಿನಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ತಯಾರಿಸಿದವು. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ 80 ಅಂಗುಲ, 2.2 ಲೀಟರಿನ ಪೆಟ್ರೋಲ್ ಎಂಜಿನ್, 60 ಅಶ್ವಶಕ್ತಿ. ಯುದ್ಧ ಮುಗಿದ ಮೇಲೆ ಇವುಗಳಲ್ಲಿ ಅನೇಕವು ಭಾರತದಲ್ಲೇ ಉಳಿದು ಹರಾಜಿಗೆ ಬಂದವು. ಆಗ ಈ ಮೂರೂ ತಾಲ್ಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆಯ ಮುಖ್ಯ ದಂಡು ಸೊಲ್ಲಾಪುರದ ಕಡೆಯಿಂದ, ಆಳಂದದ ವಾಯವ್ಯಕ್ಕಿರುವ ನಳದುರ್ಗದ ಮೂಲಕ, ಸಂಸ್ಥಾನದೊಳಕ್ಕೆ ಬಂತು. ಸಂಸ್ಥಾನವನ್ನು ಭಾರತಕ್ಕೆ ಸೇರಿಸುವ ಈ ಕಾರ್ಯಾಚರಣೆ ಐದು ದಿನಗಳಲ್ಲಿ ಮುಗಿಯಿತು. 1956ರ ನವೆಂಬರ್ 1ರಂದು ಗುಲಬರ್ಗಾ (ಇಂದಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

ಭಾರತದಲ್ಲಿ ಜೀಪಿನ ಜೋಡಣೆಯನ್ನು ಕೈಗೆತ್ತಿಕೊಂಡದ್ದು 1945ರಲ್ಲಿ ಶುರುವಾಗಿ 1948ರಲ್ಲಿ ಇಂದಿನ ಹೆಸರು ಪಡೆದ ಮಹೀಂದ್ರ ಅಂಡ್ ಮಹೀಂದ್ರ. ಮೊದಮೊದಲು ಬಿಡಿಭಾಗಗಳು ಹಡಗಿನಲ್ಲಿ ಬಂದು ಮುಂಬಯಿಯಲ್ಲಿ ಜೋಡಣೆಯಾಗುತ್ತಿದ್ದವು. ಕ್ರಮೇಣ ಎಲ್ಲವೂ ಇಲ್ಲಿಯೇ ತಯಾರಾಗತೊಡಗಿದವು. ಈ ಕಂಪನಿಯ ಸಿಜೆ-3ಬಿ ಮಾದರಿಯೇ ನಮ್ಮ ಜನರ ಕಣ್ಣಲ್ಲಿ ನಿಂತಿರುವ ಜೀಪು. ಅದರ ಎತ್ತರದ ಬಾನೆಟ್ಟಿಗೆ ಕಾರಣ ಒಳಗಿನ ಹರಿಕೇನ್ ಎಂಜಿನ್: ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ ಇರುವುದರಿಂದ ಎಂಜಿನ್ನೇ ಎತ್ತರ. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಈ ಮಾದರಿಯ ಗಾಡಿ ಭಾರತದಲ್ಲಿ ಅನಂತರವೂ ಬಹುಕಾಲ ತಯಾರಾಯಿತು. ಡ್ರೈವರ್ ಎಂಜಿನ್ನಿನ ಮೇಲೆಯೇ ಕೂರುವಂತಿದ್ದ ಎಫ್‌ಸಿ-150 ಎಂಬ ಪುಟ್ಟ ಲಾರಿ ಇದೇ ಮನೆತನದ್ದು.

ಪೆಟ್ರೋಲ್ ಜೀಪು ರೈತನ ಕೈಗೆ ದುಬಾರಿ. ಚಿತ್ರ ಬದಲಾದದ್ದು 1970ರ ದಶಕದಲ್ಲಿ ಡೀಸೆಲ್ ಬಂದ ಮೇಲೆ. 1963ರಲ್ಲಿ ಮಹೀಂದ್ರ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸೇರಿ ಕಟ್ಟಿದ್ದ ಟ್ರ್ಯಾಕ್ಟರ್ ಕಂಪನಿ ಬಿ-275 ಟ್ರ್ಯಾಕ್ಟರನ್ನು ತಯಾರಿಸುತ್ತಿತ್ತು. ಅದರ ಎಂಜಿನ್ನಿನ ವಂಶದ್ದೇ ಆದ ಸುಮಾರು 2,350 ಸಿಸಿ ಡೀಸೆಲ್ ಎಂಜಿನ್ ಜೀಪಿಗೂ ಬಂತು. ಇದರ ಪರಿಣಾಮ ದೊಡ್ಡದು. ಬೋರ್ ಮಾಡಿಸಿ, ಸ್ಲೀವ್ ಹಾಕಿಸಿ, ಹೊಸ ಪಿಸ್ಟನ್ ರಿಂಗು ಕೂರಿಸಿ, ವಾಲ್ವ್ ಅರೆದು, ನಾಝಲ್ ಮತ್ತು ಪಂಪು ಸರಿಪಡಿಸುವ ವಿದ್ಯೆ ಟ್ರ್ಯಾಕ್ಟರ್ ಇದ್ದಲ್ಲೆಲ್ಲ ಮೊದಲೇ ಬೇರೂರಿತ್ತು. ಜೀಪಿಗೆ ಬೇರೆ ವಿದ್ಯೆ ಬೇಕಾಗಲಿಲ್ಲ. 1980ರ ದಶಕದ ಮಧ್ಯದಲ್ಲಿ ಬಂದ ಎಂಎಂ-540ರಲ್ಲಿ 2,112 ಸಿಸಿಯ ಪೂಜೋ ಡೀಸೆಲ್ ಎಂಜಿನ್ ಇತ್ತು. ಇದು ಹಗುರ, ಚುರುಕು. ಆದರೆ ಹೆಡ್ಡು ಬಿಸಿ ತಾಳುವುದಿಲ್ಲವಾದ್ದರಿಂದ ರೇಡಿಯೇಟರಿನ ನೀರಿನ ಮೇಲೆ ಸದಾ ಕಣ್ಣಿಡಬೇಕು, ಈ ಸೀಮೆಯ ಬಿಸಿಲಿನಲ್ಲಂತೂ ಇನ್ನೂ ಹೆಚ್ಚು.

ಕಟ್ಟಲು ಬೇಕಾದ ಹಳೆಯ ಗಾಡಿಗಳು ಬರುತ್ತಿದ್ದ ದಾರಿಗಳಲ್ಲಿ ಮುಖ್ಯವಾದದ್ದು ಸರಕಾರಿ ಹರಾಜು. ಕಂದಾಯ, ನೀರಾವರಿ, ಅರಣ್ಯ, ಪೊಲೀಸ್ ಇಲಾಖೆಗಳ ಜೀಪುಗಳೂ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಯುನಿಸೆಫ್ ಕೊಟ್ಟ ಜೀಪುಗಳೂ ಕಂಡಮ್ ಆದ ಮೇಲೆ ಖಾಸಗಿಯವರ ಪಾಲಾದವು. ಸೇನೆಯ ಹರಾಜಿನಿಂದ ಜಬಲ್‌ಪುರದಲ್ಲಿ ತಯಾರಾದ ಜೋಂಗಾ ಜೀಪುಗಳು, ನಿಸಾನ್ ಒನ್ ಟನ್ ಮತ್ತು ಶಕ್ತಿಮಾನ್ ಲಾರಿಗಳು ಹೊರಬಂದವು. ಜೋಂಗಾದ ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್ನಿನ ಹಸಿವು ತಾಳಲಾರದೆ ಡೀಸೆಲ್ ಎಂಜಿನ್ ಕೂರಿಸಿಕೊಂಡವರು ದೇಶದುದ್ದಕ್ಕೂ ಇದ್ದಾರೆ. ಬಿಡಿಭಾಗಗಳಿಗೆ ಈ ತಾಲ್ಲೂಕುಗಳವರಿಗೆ ಸೊಲ್ಲಾಪುರ ಹತ್ತಿರ. ಅಲ್ಲಿ ಸಿಗದಿದ್ದರೆ ಸಿಕಂದರಾಬಾದಿನ ರಾಣಿಗಂಜ್ ಇದೆ, ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಹಳೆಯ ಭಾಗ, ಹೊಸ ಬಾಡಿ ಸೇರಿಸಿ ಜೀಪು ಕಟ್ಟುವುದೇ ಒಂದು ಉದ್ಯಮವಾಗಿತ್ತು. ಆದರೆ ಮಾರುವುದಕ್ಕೆ ಕಟ್ಟಿದ ಗಾಡಿಗೂ ಮನೆಯಲ್ಲಿ ತನಗಾಗಿ ಕಟ್ಟಿಕೊಂಡ ಗಾಡಿಗೂ ಬಹಳ ಅಂತರ. ಮೊದಲನೆಯದರಲ್ಲಿ ಬಣ್ಣ ಹೊಳೆಯುತ್ತದೆ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಬೇರಿಂಗು, ಆಯಿಲ್ ಸೀಲುಗಳೂ ಹೊಸದಾಗಿರುತ್ತವೆ.

ಮರುಕಟ್ಟಣೆಗೆ ಈ ಸೀಮೆಯಲ್ಲಿ ಒಗ್ಗುವ ಕಾಲವೆಂದರೆ ತೊಗರಿಯ ರಾಶಿ, ಹಿಂಗಾರಿ ಜೋಳದ ಸುಗ್ಗಿ ಮುಗಿದು ಹೊಲಕ್ಕೆ ಬಿಡುವಾಗುವ ಮಾರ್ಚಿಯಿಂದ ಮಿರಗದ ಮಳೆ ಬರುವವರೆಗಿನ ಅವಧಿ. ಮೊದಲು ಬಾಡಿ ಎತ್ತಿ ಚಾಸಿಯನ್ನು ಬರಿದು ಮಾಡುತ್ತಾರೆ. ಕೆಸರು ಕೂತು ತುಕ್ಕು ಹಿಡಿಯುವ ಜಾಗಗಳು ನಿಶ್ಚಿತ: ಪಾಟಾ (ಲೀಫ್ ಸ್ಪ್ರಿಂಗ್) ಹಿಡಿಯುವ ಬ್ರಾಕೆಟ್ಟುಗಳು, ಹಿಂದಿನ ಅಡ್ಡಪಟ್ಟಿ, ಕಾಲಿಡುವ ತಳದ ತಗಡು. ಪುಟ್ಟಿ ತುಂಬಿ ಮುಚ್ಚಿದರೆ ಎರಡು ಮಳೆಗಾಲವೂ ಬಾಳುವುದಿಲ್ಲ. ಕತ್ತರಿಸಿ ಹೊಸ ತಗಡು ಬೆಸೆಯುವುದೇ ಸರಿ.

ನಿಜವಾದ ಪರೀಕ್ಷೆ ಇರುವುದು ಟ್ರಾನ್ಸ್‌ಫರ್ ಕೇಸಿನಲ್ಲಿ. ಗೀರ್‌ಬಾಕ್ಸಿನ ಹಿಂದೆ ಕೂತು ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಈ ಪೆಟ್ಟಿಗೆಗೆ ಹಳೆಯ ಜೀಪುಗಳಲ್ಲಿ ಎರಡು ಹಿಡಿಕೆ: ಒಂದು ಮುಂದಿನ ಆಕ್ಸಲ್ ಸೇರಿಸಲು, ಇನ್ನೊಂದು ಹೈ–ಲೋ ಬದಲಿಸಲು. ಲೋ ಹಾಕಿದರೆ ವೇಗ ಸುಮಾರು ಎರಡೂವರೆ ಪಟ್ಟು ಇಳಿದು ಎಳೆಯುವ ಬಲ ಅಷ್ಟೇ ಏರುತ್ತದೆ. ಸ್ಪೈಸರ್-18 ಎಂಬ ಈ ಪೆಟ್ಟಿಗೆಯಲ್ಲಿ ಮೊದಲು ಸವೆಯುವುದು ನಡುವಿನ ಇಂಟರ್ಮೀಡಿಯೆಟ್ ಶಾಫ್ಟ್. ಅದರ ಮೇಲೆ ಗೀರು ತಿರುಗುವುದು ಸೂಜಿಯಂಥ ಸಣ್ಣ ರೋಲರುಗಳ ಮೇಲೆ; ಜೋಡಿಸುವಾಗ ಅವನ್ನು ಒಂದೊಂದಾಗಿ ಗ್ರೀಸಿನಲ್ಲಿ ಅಂಟಿಸಿ, ಒಂದೂ ಉರುಳದಂತೆ ಶಾಫ್ಟನ್ನು ಮೆಲ್ಲಗೆ ತೂರಿಸಬೇಕು. ಶಾಫ್ಟ್ ಕೂರುವ ತೂತೇ ಹಿಗ್ಗಿದ್ದರೆ ಲೇತಿನಲ್ಲಿ ಬುಷ್ ಹಾಕಿಸದೆ ಬೇರೆ ದಾರಿಯಿಲ್ಲ. ಹಿಂದಿನ ಆಯಿಲ್ ಸೀಲನ್ನು ಉದಾಸೀನ ಮಾಡುವಂತಿಲ್ಲ: ಹ್ಯಾಂಡ್‌ಬ್ರೇಕಿನ ಡ್ರಮ್ಮು ಇರುವುದು ಅದರ ಮಗ್ಗುಲಲ್ಲೇ. ಸೀಲು ಸೋರಿದರೆ ಲೈನರು ಎಣ್ಣೆಯಲ್ಲಿ ನೆನೆದು ಇಳಿಜಾರಿನಲ್ಲಿ ಗಾಡಿ ನಿಲ್ಲುವುದಿಲ್ಲ.

ಮುಂದಿನ ಆಕ್ಸಲ್‌ನ ಎರಡು ತುದಿಗಳಲ್ಲಿ ಚೆಂಡಿನಾಕಾರದ ಟೊಳ್ಳು ಗೂಡುಗಳಿವೆ. ಎಂಜಿನ್ನಿನ ಎಳೆತ ಮುಟ್ಟಬೇಕು, ಗಾಲಿ ಎಡಬಲಕ್ಕೂ ಹೊರಳಬೇಕು. ಎರಡೂ ಕೆಲಸ ಇಲ್ಲಿಯೇ. ಮೇಲೆ ಕೆಳಗಿನ ಕಿಂಗ್‌ಪಿನ್ ಬೇರಿಂಗುಗಳ ಬಿಗಿತವನ್ನು ತೆಳು ತಗಡಿನ ಶಿಮ್ಮುಗಳಿಂದ ಹೊಂದಿಸಿ, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡುತ್ತಾರೆ. ಸಡಿಲ ಉಳಿದರೆ ತಗ್ಗು ದಾಟಿದೊಡನೆ ಸ್ಟೇರಿಂಗ್ ಗಡಗಡ ನಡುಗುತ್ತದೆ. ಈ ಜೀಪುಗಳಲ್ಲಿ ಮುಂದಿನ ಆಕ್ಸಲ್ ಸೇರಿಸಿಕೊಂಡು ಡಾಂಬರು ರಸ್ತೆಯಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಹಿಂದಿನ ಗಾಲಿಗಳು ಕ್ರಮಿಸುವ ದೂರ ಬೇರೆಯಾಗಿ, ಜಾರಲು ಮಣ್ಣಿಲ್ಲದೆ ಗೀರುಗಳೇ ಆ ಒತ್ತಡ ತಿನ್ನುತ್ತವೆ.

ಗಾಡಿ ಓಡಿದರಷ್ಟೇ ಸಾಲದು, ಕಾನೂನೂ ಒಪ್ಪಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಟನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು, ಹೊಸ ನಂಬರು ಆರ್‌ಸಿ ಪುಸ್ತಕಕ್ಕೆ ಏರಬೇಕು. ಆದ್ದರಿಂದ ಹಳೆಯ ಗಾಡಿ ಕೊಳ್ಳುವಾಗ ತಗಡಿಗಿಂತ ಮೊದಲು ನೋಡಬೇಕಾದದ್ದು ಚಾಸಿ ನಂಬರು. ಸ್ವಂತ ಬಳಕೆಯ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ಮುಂದುವರಿಯುತ್ತದೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ ರದ್ದಾಗಿ ಅವು ನೇರ ಗುಜರಿಗೆ ಹೋಗುವಂತಾದ್ದರಿಂದ, ಇಲಾಖೆಯ ಜೀಪು ಹರಾಜಿನಲ್ಲಿ ಹಿಡಿದು ಕಟ್ಟುವ ಹಳೆಯ ದಾರಿ ಮುಚ್ಚಿತು. ಐವತ್ತು ವರ್ಷ ಮೀರಿದ ಗಾಡಿಗಳಿಗೆ 2021ರ ನಿಯಮಗಳು ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಕೊಡುತ್ತವೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು. ತೊಗರಿ ಚೀಲ ಹೇರಿಕೊಂಡು ಸಂತೆಗೆ ಹೋಗಬೇಕಾದ ಜೀಪಿಗೆ ಸಾಮಾನ್ಯ ನೋಂದಣಿಯೇ ಬೇಕು.